ಮುದ್ದಿನ ಕಥೆಯನ್ನು ಮುಟ್ಟಬಾರದೇ?



ವಿನ್ನಿ ದಿ ಪೂ ಎಂಬ ಮುದ್ದು ಕರಡಿಯ ಪುಸ್ತಕ ಬಂದದ್ದು 1926ರಲ್ಲಿ. 2023ರ ಒಂದು ಸಿನಿಮಾ ಆ ಕರಡಿಯನ್ನೇ ಕೊಲೆಗಾರನನ್ನಾಗಿ ಮಾಡಿತು. ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿರೋ ನಮ್ಮ ಮಾವನ ಮಗ, "ಮಕ್ಕಳ ಕಥೆ ಯಾರೂ ಮುಟ್ಟಬಾರ್ದು" ಅಂತ ಸಿಟ್ಟಾಗ್ತಾನೆ. ನಾನು ಒಪ್ಪೋದಿಲ್ಲ.

ಗೋವಿನ ಹಾಡಿನಲ್ಲೇ ಹುಲಿ ಸಾಯುತ್ತದಲ್ಲ! ಆ ಹಾಡನ್ನು ನೆನಪಿಸುವಂತೆ ಎಸ್.ಎಲ್. ಭೈರಪ್ಪನವರು 1968ರಲ್ಲಿ ‘ತಬ್ಬಲಿಯು ನೀನಾದೆ ಮಗನೆ’ ಕಾದಂಬರಿ ಬರೆದರು. 1977ರಲ್ಲಿ ಕಾರ್ನಾಡ, ಕಾರಂತರು ಅದನ್ನು ಸಿನಿಮಾ ಮಾಡಿದರು. ಅದರಲ್ಲಿ ಅಮೆರಿಕದಲ್ಲಿ ಓದಿ ಬಂದ ಮೊಮ್ಮಗನೇ ಮನೆಯ ಹಸುಗಳನ್ನು ಮಾರುತ್ತಾನೆ. ಎದೆ ಭಾರವಾಗುತ್ತದೆ, ನಿಜ. ಆದರೆ ಹಸು ತಾಯಿಯೋ, ಬರೀ ಲಾಭದ ಸರಕೋ ಎಂಬ ಪ್ರಶ್ನೆ ಏಳುತ್ತದೆ. ಗೊಡ್ಡು ಹಸುವನ್ನು ಏನು ಮಾಡೋದು ಅಂತ ನಮ್ಮ ಮನೆಗಳಲ್ಲೂ ಮಾತು ಬರುತ್ತಲ್ಲವೇ?

ಹೆದರಿಸುವುದಕ್ಕಷ್ಟೇ ಕಥೆ ಕೆಡಿಸಬೇಡಿ. ಯೋಚಿಸುವಂತೆ ಮಾಡುವುದಾದರೆ ಬದಲಿಸಿ.