ಹಳೇ ಕಾರಿಗೆ ಬೀಡಿಂಗ್ ಹುಡುಕುತ್ತಾ ಜಪಾನಿಗೆ

ಟೊಯೋಟಾ 2000ಜಿಟಿ ಎಂಬ ಸ್ಪೋರ್ಟ್ಸ್ ಕಾರು ತಯಾರಾದದ್ದು 1967ರಿಂದ 1970ರವರೆಗೆ ಮಾತ್ರ. ಒಟ್ಟು ಸಂಖ್ಯೆ ನಾನೂರನ್ನೂ ಮುಟ್ಟಲಿಲ್ಲ. ವ್ಯಾಪಾರದ ಲೆಕ್ಕ ಹಾಕಿದ್ದರೆ ಕಂಪನಿ ಅದನ್ನು ಎಂದೋ ಕೈಬಿಡಬಹುದಿತ್ತು. ಬಿಡಲಿಲ್ಲ. ಉತ್ಪಾದನೆ ನಿಂತು ಐವತ್ತು ವರ್ಷ ಕಳೆದ ಮೇಲೆ, 2020ರಲ್ಲಿ, ಆ ಕಾರಿನ ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್‌ನ ಬಿಡಿಭಾಗಗಳನ್ನು ಹೊಸದಾಗಿ ಮಾಡಿ ಮಾರಾಟಕ್ಕಿಟ್ಟಿತು. ಅದಕ್ಕೊಂದು ಷರತ್ತೂ ಇತ್ತು: ಆ ಕಾರಿನ ಮಾಲೀಕರಿಗಷ್ಟೇ ಮಾರಾಟ, ಅದೂ ಮಿತಿಯಲ್ಲಿ. ಕೊಂಡವರು ಮರುದಿನವೇ ಎರಡು ಪಟ್ಟು ಬೆಲೆಗೆ ಇನ್ನೊಬ್ಬರಿಗೆ ದಾಟಿಸಬಾರದು ಎಂಬುದು ಅದರ ಉದ್ದೇಶ.

ಹಳೇ ಕಾರಿನ ಹುಚ್ಚು ಹತ್ತಿಸಿಕೊಂಡವರು ಜಪಾನಿಗೆ ಹೋದರೆ ಕ್ಯೋಟೊದ ದೇಗುಲ, ಫ್ಯೂಜಿ ಪರ್ವತಗಳ ಜೊತೆಗೆ ಬಿಡಿಭಾಗದ ಅಂಗಡಿಗೂ ಒಂದು ದಿನ ಎತ್ತಿಡುತ್ತಾರೆ. ಅಮೆರಿಕ, ಆಸ್ಟ್ರೇಲಿಯಾಗಳಿಂದ ಅರ್ಧ ಖಾಲಿ ಸೂಟ್‌ಕೇಸ್ ಹಿಡಿದೇ ಬರುವವರಿದ್ದಾರೆ. ಇದನ್ನು ದುಡ್ಡಿದ್ದವರ ಶೋಕಿ ಎಂದು ತಳ್ಳಿಹಾಕುವುದು ಸುಲಭ. ಆದರೆ ಆ ಅಂಗಡಿಗಳ ಹಿಂದೆ ನಿಂತಿರುವ ವ್ಯವಸ್ಥೆಯಲ್ಲಿ ಭಾರತದ ವಾಹನ ಕಂಪನಿಗಳೂ ಸರ್ಕಾರವೂ ಕಲಿಯಬೇಕಾದದ್ದು ಸಾಕಷ್ಟಿದೆ.

ಮೊದಲು ಅಂಗಡಿ. 'ಅಪ್ ಗ್ಯಾರೇಜ್' ಬಳಸಿದ ಬಿಡಿಭಾಗಗಳನ್ನು ಕೊಂಡು ಮಾರುವುದನ್ನೇ ಕಸುಬು ಮಾಡಿಕೊಂಡಿರುವ ಸರಣಿ ಮಳಿಗೆ. ಜಪಾನಿನ ಉದ್ದಗಲಕ್ಕೂ ಇದರ ಶಾಖೆಗಳಿವೆ, ಯೊಕೊಹಾಮಾ-ಮಾಚಿಡಾದ್ದು ದೊಡ್ಡದು. ಒಳಗೆ ಹೋದವರಿಗೆ ಗುಜರಿ ಅಂಗಡಿಗಿಂತ ಸೂಪರ್ ಮಾರ್ಕೆಟ್ಟಿನ ನೆನಪೇ ಹೆಚ್ಚು. ಅಲಾಯ್ ವೀಲ್‌ಗಳಿಗೊಂದು ಸಾಲು, ಸೈಲೆನ್ಸರ್‌ಗಳಿಗೊಂದು ಸಾಲು. ಗೋಡೆಯ ಮೇಲೆ ನಾರ್ಡಿ, ಮೊಮೊ ಸ್ಟೀರಿಂಗ್‌ಗಳು. ನೆಲದ ಮೇಲೆ ರೆಕಾರೊ, ಬ್ರೈಡ್ ಸೀಟುಗಳು. ಪ್ರತಿಯೊಂದಕ್ಕೂ ಚೀಟಿ: ಯಾವ ಕಾರಿನದು, ಅಳತೆ ಎಷ್ಟು, ಎಲ್ಲಿ ಗೀರಿದೆ, ಎಲ್ಲಿ ಸೀಳಿದೆ, ಬೆಲೆ ಎಷ್ಟು. ಊನವನ್ನು ಗಿರಾಕಿ ಕಂಡುಹಿಡಿಯುವ ಮೊದಲೇ ಅಂಗಡಿಯವನು ಬರೆದಿಟ್ಟಿರುತ್ತಾನೆ. 'ಜಂಕ್' ಎಂದು ಬರೆದಿದ್ದರೆ ಅದಕ್ಕೆ ಗ್ಯಾರಂಟಿ ಇಲ್ಲ, ವಾಪಸ್ ತೆಗೆದುಕೊಳ್ಳುವುದೂ ಇಲ್ಲ. ಚೌಕಾಸಿಗೆ ಜಾಗವಿಲ್ಲ, ಚೀಟಿಯಲ್ಲಿದ್ದದ್ದೇ ಬೆಲೆ.

ಒಂದು ವೀಲ್‌ನ ಚೀಟಿಯನ್ನೇ ಹತ್ತಿರದಿಂದ ನೋಡಬಹುದು. 14 ಇಂಚು, 7ಜೆ, ಆಫ್‌ಸೆಟ್ ಸೊನ್ನೆ, 4 ಬೋಲ್ಟು, 114.3. ಕೊನೆಯ ಅಂಕೆ ಪಿಸಿಡಿ, ಅಂದರೆ ಬೋಲ್ಟು ತೂತುಗಳ ನಡುಬಿಂದುಗಳ ಮೂಲಕ ಹಾಯುವ ವೃತ್ತದ ವ್ಯಾಸ, ಮಿಲಿಮೀಟರ್‌ನಲ್ಲಿ. 1969ರಲ್ಲಿ ಬಂದ ಮೊದಲ ತಲೆಮಾರಿನ ನಿಸ್ಸಾನ್ ಫೇರ್‌ಲೇಡಿ ಝಡ್‌ಗೂ 1983ರ ಟೊಯೋಟಾ ಎಇ86ಗೂ ಈ ಅಳತೆ ಹೊಂದುತ್ತದೆ. 1989ರ ಮಾಜ್ದಾ ರೋಡ್‌ಸ್ಟರ್‌ಗೂ ನಾಲ್ಕೇ ಬೋಲ್ಟು, ಆದರೆ ಅದರ ಪಿಸಿಡಿ 100. ಯೊಕೊಹಾಮಾದ ವಾತಾನಬೆ ಕಂಪನಿಯ ಎಂಟು ಕಡ್ಡಿಯ ವೀಲ್ ನೋಡಿ ಮರುಳಾಗಿ, ಈ ಒಂದು ಅಂಕೆ ನೋಡದೆ ಕೊಂಡು ಬಂದರೆ ಊರಿನಲ್ಲಿ ಅದು ಗೋಡೆಗೆ ಒರಗಿಕೊಂಡೇ ಇರುತ್ತದೆ. ವೀಲ್ ಮೇಲೆ 'ಜೆಡಬ್ಲ್ಯುಎಲ್' ಗುರುತು ಇದೆಯೇ ಎಂದೂ ನೋಡಬೇಕು. ಅದು ಅಲಾಯ್ ವೀಲ್‌ಗೆ ಜಪಾನಿನ ಸುರಕ್ಷತಾ ಮಾನದಂಡದ ಮುದ್ರೆ. ಅಗ್ಗದ ನಕಲುಗಳನ್ನು ದೂರವಿಡಲು ಇದು ಮೊದಲ ಜರಡಿ.

ಜಪಾನಿ ಭಾಷೆ ಬಾರದಿದ್ದರೂ ಇಲ್ಲಿ ವ್ಯಾಪಾರ ನಡೆಯುತ್ತದೆ, ಏಕೆಂದರೆ ಮಾತಿನ ಕೆಲಸವನ್ನು ನಂಬರ್ ಮಾಡುತ್ತದೆ. ಎಇ86 ಎಂಬುದೇ ಒಂದು ಚಾಸಿ ಕೋಡ್: 'ಎ' ಎಂಜಿನ್‌ನ ಸರಣಿ, 'ಇ' ಕೊರೊಲಾ ಕುಟುಂಬ, 8 ಅದರ ತಲೆಮಾರು, 6 ಆ ತಲೆಮಾರಿನೊಳಗಿನ ಮಾದರಿ. ಶುಯಿಚಿ ಶಿಗೆನೊ 1995ರಲ್ಲಿ ಶುರುಮಾಡಿದ 'ಇನಿಷಿಯಲ್ ಡಿ' ಚಿತ್ರಕಥೆಯಲ್ಲಿ ತೋಫು ಅಂಗಡಿಯ ಹುಡುಗ ಓಡಿಸಿದ್ದು ಇದೇ ಕಾರು. ಅಲ್ಲಿಂದಾಚೆಗೆ ಈ ಕೋಡ್ ಲೋಕಕ್ಕೆಲ್ಲ ಬಾಯಿಪಾಠ. ನಿಸ್ಸಾನ್, ಟೊಯೋಟಾಗಳ ಬಿಡಿಭಾಗಕ್ಕೆ ಸಾಮಾನ್ಯವಾಗಿ ಐದು-ಐದರ ಹತ್ತಂಕಿ ನಂಬರ್ ಇರುತ್ತದೆ. ಮೊದಲ ಐದು ಅದು ಹೆಡ್‌ಲೈಟೋ ಹಿಡಿಕೆಯೋ ಎಂದು ಹೇಳಿದರೆ, ಉಳಿದ ಐದು ಯಾವ ಮಾದರಿಯದು ಎಂದು ಹೇಳುತ್ತವೆ. ಚಾಸಿ ಕೋಡ್ ಮತ್ತು ಪಾರ್ಟ್ ನಂಬರ್ ಬರೆದ ಚೀಟಿ ಜೇಬಿನಲ್ಲಿದ್ದವರಿಗೆ ದುಭಾಷಿ ಬೇಕಿಲ್ಲ.

ಸರಣಿ ಮಳಿಗೆಯಲ್ಲಿ ಸಿಗದ್ದು ಜಾತ್ರೆಯಲ್ಲಿ ಸಿಗಬಹುದು. ಯೊಕೊಹಾಮಾದ ಪಸಿಫಿಕೊ ಸಭಾಂಗಣದಲ್ಲಿ ಫೆಬ್ರುವರಿ ಹೊತ್ತಿಗೆ ನಡೆಯುವ 'ನಾಸ್ಟಾಲ್ಜಿಕ್ 2 ಡೇಸ್' ಹಳೇ ಕಾರುಗಳದೇ ಮೇಳ. ಅಲ್ಲಿ ನುಣುಪಾಗಿ ಉಜ್ಜಿ ನಿಲ್ಲಿಸಿದ ನಿಸ್ಸಾನ್ ಸ್ಕೈಲೈನ್‌ಗಳ ಪಕ್ಕದಲ್ಲೇ ಲಾಂಛನ, ಮೀಟರು, ಕಾರ್ಬುರೇಟರುಗಳನ್ನು ಹರವಿಕೊಂಡ ವ್ಯಾಪಾರಿಗಳಿರುತ್ತಾರೆ. ಜನವರಿಯಲ್ಲಿ ಮಕುಹಾರಿಯ 'ಟೋಕಿಯೊ ಆಟೊ ಸಲೋನ್' ಇನ್ನೂ ದೊಡ್ಡದು, ಆದರೆ ಅಲ್ಲಿ ಅಬ್ಬರವೂ ಹೆಚ್ಚು.

ಇಷ್ಟೆಲ್ಲ ಇದ್ದೂ ಹಳೇ ಕಾರನ್ನು ನಿಜವಾಗಿ ಕೊಲ್ಲುವುದು ಎಂಜಿನ್ ಅಲ್ಲ. ಎಂಜಿನ್ನನ್ನು ಬಿಚ್ಚಿ ಕಟ್ಟಬಹುದು, ಲೇತಿನಲ್ಲಿ ತಿದ್ದಬಹುದು. ಬಾಗಿಲ ಸುತ್ತಲಿನ ರಬ್ಬರ್ ಬೀಡಿಂಗ್ ಒಣಗಿ ಬಿರಿದರೆ ನೀರು ಒಳಗಿಳಿದು ತಗಡು ಕೊಳೆಯುತ್ತದೆ. ವೈರಿಂಗ್‌ನ ಹೊದಿಕೆ ಉದುರಿದರೆ ಶಾರ್ಟ್ ಆಗುತ್ತದೆ. ಪ್ಲಾಸ್ಟಿಕ್ ಕೊಂಡಿಗಳು ಮುಟ್ಟಿದರೆ ಮುರಿಯುತ್ತವೆ. ಇವನ್ನು ಗ್ಯಾರೇಜಿನಲ್ಲಿ ಕೈಯಾರೆ ಮಾಡಲಾಗದು, ಅಚ್ಚು ಬೇಕು. ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲೂ ಇವು ಸಿಗುವುದು ಅಪರೂಪ, ಸಿಕ್ಕರೂ ಅಷ್ಟೇ ವಯಸ್ಸಾಗಿರುತ್ತದೆ.

ಜಪಾನಿನ ಕಂಪನಿಗಳು ಕೈಹಾಕಿದ್ದು ಇಲ್ಲಿಯೇ. ನಿಸ್ಸಾನ್‌ನ ನಿಸ್ಮೊ ವಿಭಾಗ 2017ರ ಕೊನೆಯಲ್ಲಿ ಆರ್32 ಸ್ಕೈಲೈನ್ ಜಿಟಿ-ಆರ್‌ಗೆ ವೈರಿಂಗ್, ಹೋಸ್ ಪೈಪು, ಲಾಂಛನಗಳನ್ನು ಮತ್ತೆ ತಯಾರಿಸತೊಡಗಿತು. ಆಮೇಲೆ ಆರ್33, ಆರ್34ಗಳಿಗೂ ವಿಸ್ತರಿಸಿತು. ಅದೇ ವರ್ಷ ಮಾಜ್ದಾ ಮೊದಲ ತಲೆಮಾರಿನ ರೋಡ್‌ಸ್ಟರ್‌ಗೆ ಜೀರ್ಣೋದ್ಧಾರ ಸೇವೆ ಆರಂಭಿಸಿತು. ಮಡಚುವ ಛಾವಣಿ, ನಾರ್ಡಿಯ ಮರದ ಸ್ಟೀರಿಂಗ್, ಕೊನೆಗೆ ಆ ಕಾಲದ ಅಳತೆಯ 14 ಇಂಚಿನ ಬ್ರಿಜ್‌ಸ್ಟೋನ್ ಟೈರು ಕೂಡ ಮರಳಿ ಬಂತು. ಟೊಯೋಟಾ ಸೂಪ್ರಾದ ಬಾಗಿಲ ಹಿಡಿಕೆ, ಹೆಡ್‌ಲೈಟುಗಳನ್ನು ಕೊಟ್ಟಿತು. ಹೋಂಡಾ ಇನ್ನೂ ಮುಂಚೆ, 1993ರಲ್ಲೇ, ಎನ್‌ಎಸ್‌ಎಕ್ಸ್ ಕಾರುಗಳನ್ನು ಕಾರ್ಖಾನೆಗೆ ಕರೆಸಿಕೊಂಡು ಹೊಸದಾಗಿಸಿ ಕೊಡುವ ಯೋಜನೆ ತಂದಿತ್ತು.

ಹಾಗೆಂದು ಜಪಾನನ್ನು ಹಳೇ ಕಾರುಗಳ ಸ್ವರ್ಗ ಎನ್ನುವಂತಿಲ್ಲ. ಅಲ್ಲಿನ ತೆರಿಗೆ ನಿಯಮ ಹಳೇ ಕಾರಿಗೆ ಮಲತಾಯಿ: ನೋಂದಣಿಯಾಗಿ 13 ವರ್ಷ ದಾಟಿದ ಪೆಟ್ರೋಲ್ ಕಾರಿಗೆ ವಾರ್ಷಿಕ ತೆರಿಗೆ ಸುಮಾರು 15% ಏರುತ್ತದೆ. ಎರಡು ವರ್ಷಕ್ಕೊಮ್ಮೆ 'ಶಾಕೆನ್' ಎಂಬ ಕಟ್ಟುನಿಟ್ಟಿನ ತಪಾಸಣೆ ಬೇರೆ. ಅಚ್ಚುಗಳನ್ನು ಕಾಪಾಡುವ ಖರ್ಚು ಯಾರ ತಲೆಗೆ ಎಂಬ ಜಗಳವೂ ಉಂಟು. ಬಿಡಿಭಾಗ ಮಾಡಿಕೊಡುವ ಸಣ್ಣ ಘಟಕಗಳು ದೊಡ್ಡ ಕಂಪನಿಗಳ ಅಚ್ಚುಗಳನ್ನು ವರ್ಷಗಟ್ಟಲೆ ಬಾಡಿಗೆಯಿಲ್ಲದೆ ಇಟ್ಟುಕೊಳ್ಳಬೇಕಾಗಿ ಬಂದದ್ದಕ್ಕೆ ಅಲ್ಲಿನ ವ್ಯಾಪಾರ ಆಯೋಗ 2024ರಲ್ಲಿ ಟೊಯೋಟಾದ ಅಂಗಸಂಸ್ಥೆಯೊಂದರ ಮೇಲೆ ಕ್ರಮ ಕೈಗೊಂಡಿತು. ಬಡ ಉಪಗುತ್ತಿಗೆದಾರನ ಗೋದಾಮು ತುಂಬಿಸುವುದು ನ್ಯಾಯವಲ್ಲ ಎಂದು ಅಲ್ಲಿನ ಕಾನೂನೇ ಹೇಳಿತು.

ಬೆಲೆಯ ಕಥೆ ಬೇರೆಯೇ. ಅಮೆರಿಕದಲ್ಲಿ 25 ವರ್ಷ ತುಂಬಿದ ವಿದೇಶಿ ಕಾರಿಗೆ ಸುರಕ್ಷತಾ ನಿಯಮಗಳಿಂದ ವಿನಾಯಿತಿ ಸಿಗುತ್ತದೆ. 1989ರ ಆರ್32 ಜಿಟಿ-ಆರ್‌ಗೆ 2014ರಲ್ಲಿ, 1999ರ ಆರ್34ಗೆ 2024ರಲ್ಲಿ ಆ ಬಾಗಿಲು ತೆರೆಯಿತು. ಕಾರುಗಳು ಹಡಗು ಹತ್ತಿದವು, ಬಿಡಿಭಾಗಗಳೂ ಹಿಂದೆಯೇ ಹೊರಟವು. ಯೆನ್ ಸವೆದ ಕಾಲದಲ್ಲಿ ಡಾಲರ್ ಹಿಡಿದು ಬಂದ ಪ್ರವಾಸಿಗೆ ಅಗ್ಗ ಎನಿಸಿದ್ದು, ಅದೇ ಅಂಗಡಿಯಲ್ಲಿ ಯೆನ್ ಸಂಬಳದ ಸ್ಥಳೀಯ ಹುಡುಗನ ಕೈಗೆ ಎಟುಕುವುದಿಲ್ಲ. ಬೇಕೋ ಬೇಡವೋ ಎಲ್ಲವನ್ನೂ ಬಾಚಿಕೊಂಡು ತಮ್ಮೂರಿನಲ್ಲಿ ಹರಾಜು ಹಾಕುವ ಪ್ರವಾಸಿಗರು ಈ ಪೇಟೆಗೆ ಉಪಕಾರ ಮಾಡುತ್ತಿಲ್ಲ. 2000ಜಿಟಿಗೆ ಟೊಯೋಟಾ ಹಾಕಿದ ಷರತ್ತು ಹೆಚ್ಚು ಅರ್ಥವಾಗುವುದು ಇಂಥ ಕಡೆ.

ಬೆಂಗಳೂರಿನಿಂದ ಟೋಕಿಯೊದ ನರಿತಾಕ್ಕೆ ನೇರ ವಿಮಾನವಿದೆ. ಹೋಗುವವರಿಗೆ ಕೆಲವು ವ್ಯಾವಹಾರಿಕ ಮಾತು. ಒಮ್ಮೆ ಪೆಟ್ರೋಲ್ ಕುಡಿದ ಕಾರ್ಬುರೇಟರನ್ನು ವಾಸನೆಯೂ ಉಳಿಯದಂತೆ ತೊಳೆಯದಿದ್ದರೆ ವಿಮಾನದವರು ಹತ್ತಿಸುವುದಿಲ್ಲ. ಏರ್‌ಬ್ಯಾಗ್ ಇರುವ ಸ್ಟೀರಿಂಗ್ ಅಪಾಯಕಾರಿ ಸರಕಿನ ಲೆಕ್ಕಕ್ಕೆ ಸೇರುತ್ತದೆ, ಅದರ ಆಸೆ ಬಿಡಬೇಕು. ಅಂಚೆಯ ಇಎಂಎಸ್ ಸೇವೆಯಲ್ಲಿ ಒಂದು ಪೊಟ್ಟಣಕ್ಕೆ 30 ಕಿಲೊ ಮಿತಿ. ಜಪಾನಿನ 10% ಮಾರಾಟ ತೆರಿಗೆಯ ವಿನಾಯಿತಿ ಎಲ್ಲ ಅಂಗಡಿಗಳಲ್ಲೂ ಇಲ್ಲ. 2026ರ ನವೆಂಬರ್‌ನಿಂದ ತೆರಿಗೆ ಮೊದಲು ಕೊಟ್ಟು, ದೇಶ ಬಿಡುವಾಗ ವಾಪಸ್ ಪಡೆಯುವ ಪದ್ಧತಿ. ಇತ್ತ ಭಾರತದ ಕಸ್ಟಮ್ಸ್‌ನವರಿಗೆ ತೋರಿಸಲು ಪ್ರತಿ ರಸೀದಿಯನ್ನೂ ಜೋಪಾನವಾಗಿಡಬೇಕು.

ಈಗ ನಮ್ಮ ಕಡೆಯ ಮಾತು. ಕರ್ನಾಟಕದಲ್ಲಿ ಹಳೇ ವಾಹನದ ಪ್ರೀತಿಗೆ ಬರವಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ಹುಟ್ಟಿದ ಜಾವಾ, ಯೆಜ್ಡಿ ಬೈಕುಗಳು ಇಂದಿಗೂ ಓಡುತ್ತಿವೆ. ಧರ್ಮಸ್ಥಳದ ಸಂಗ್ರಹಾಲಯದಲ್ಲಿ ಹಳೇ ಕಾರುಗಳ ದೊಡ್ಡ ಸಂಗ್ರಹವಿದೆ. ಬೆಂಗಳೂರಿನ ಶಿವಾಜಿನಗರದ ಗುಜರಿ, ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ಭಾಗ ನೋಡಿದೊಡನೆ ಕಾರಿನ ಹೆಸರು ಹೇಳುವ ಕೈಗಳಿವೆ. ಕೊರತೆ ಇರುವುದು ಕಂಪನಿಗಳ ಕಡೆಯಿಂದ. ಮಾದರಿ ನಿಂತ ಕೆಲವು ವರ್ಷಕ್ಕೆ ಭಾಗಗಳೂ ನಿಲ್ಲುತ್ತವೆ. ಆಮೇಲೆ ಉಳಿಯುವುದು ಹಳೇ ಸ್ಟಾಕ್ ಮತ್ತು ಡೂಪ್ಲಿಕೇಟ್.

ಸರ್ಕಾರದ ನಿಲುವಿನಲ್ಲೂ ಒಂದು ವಿರೋಧಾಭಾಸವಿದೆ. ಕೇಂದ್ರ ಸಾರಿಗೆ ಸಚಿವಾಲಯ 2021ರಲ್ಲಿ 50 ವರ್ಷ ದಾಟಿದ ವಾಹನಗಳಿಗೆ 'ವಿಎ' ಅಕ್ಷರಗಳ ವಿಂಟೇಜ್ ನೋಂದಣಿ ತಂದಿತು. ಷರತ್ತು: ವಾಹನ ಮೂಲ ರೂಪದಲ್ಲೇ ಇರಬೇಕು. ಮೂಲ ರೂಪದಲ್ಲಿ ಇಟ್ಟುಕೊಳ್ಳಲು ಮೂಲ ಬಿಡಿಭಾಗ ಎಲ್ಲಿಂದ ತರಬೇಕು ಎಂಬುದಕ್ಕೆ ಆ ನಿಯಮದಲ್ಲಿ ಉತ್ತರವಿಲ್ಲ. 2022ರ ಡಿಸೆಂಬರ್‌ನಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ ತೆರೆದ 'ದುರಸ್ತಿ ಹಕ್ಕಿನ' ಪೋರ್ಟಲ್‌ನಲ್ಲಿ ವಾಹನಗಳೂ ಸೇರಿವೆ. ಉತ್ಪಾದನೆ ನಿಲ್ಲಿಸಿದ ಮಾದರಿಗಳ ಪಾರ್ಟ್ ನಂಬರ್ ಪಟ್ಟಿ ಮತ್ತು ನಕ್ಷೆಗಳನ್ನು ಕಂಪನಿಗಳು ಅಲ್ಲಿ ಸಾರ್ವಜನಿಕಗೊಳಿಸಬೇಕೆಂದು ಇಲಾಖೆ ಕಡ್ಡಾಯ ಮಾಡಲಿ. ಕಂಪನಿಗಳು ತಾವು ಮಾಡಲು ಮನಸ್ಸಿಲ್ಲದ ಭಾಗವನ್ನು ಪೀಣ್ಯದ ಸಣ್ಣ ಘಟಕಗಳಿಗೆ ಪರವಾನಗಿ ಕೊಟ್ಟು ಮಾಡಿಸಲಿ. ಅಚ್ಚಿನ ಖರ್ಚನ್ನು ಮಾತ್ರ ಆ ಘಟಕಗಳ ಮೇಲೆ ಹೇರದಿರಲಿ.

ಇದಕ್ಕೆ ಗಡುವೂ ಕಣ್ಣೆದುರೇ ಇದೆ. ಜಪಾನಿನ ಸುಜುಕಿ ಜೊತೆ ಸೇರಿ ಮಾಡಿದ ಮೊದಲ ಮಾರುತಿ 800 ಗ್ರಾಹಕನ ಕೈಸೇರಿದ್ದು 1983ರ ಡಿಸೆಂಬರ್ 14ರಂದು. 2033ರ ಡಿಸೆಂಬರ್‌ನಲ್ಲಿ ಆ ಕಾರಿಗೆ ಐವತ್ತು ತುಂಬುತ್ತದೆ. ಅದರ ಬಾಗಿಲ ಬೀಡಿಂಗನ್ನು ಹೊಸದಾಗಿ ಮಾಡಿಕೊಡಲು ಮಾರುತಿಗೆ ಅಲ್ಲಿಯವರೆಗೆ ಸಮಯವಿದೆ.