ಖಳನಿಗೂ ಒಂದು ಋಣವಿದೆ: ವಜ್ರಮುನಿಯವರನ್ನು ನಮ್ಮ ಮಕ್ಕಳಿಗೆ ಏಕೆ ತೋರಿಸಬೇಕು?

ರಾಜ್ಯೋತ್ಸವವಿರಲಿ, ಯುಗಾದಿಯಿರಲಿ, ನಮ್ಮ ವೇದಿಕೆಯ ಮೇಲೆ ಹಳೆಯ ಕನ್ನಡ ಚಲನಚಿತ್ರಗಳಿಗೆ ಒಂದು ಸ್ಥಾನ ಇದ್ದೇ ಇರುತ್ತದೆ. ಡಾ. ರಾಜ್‌ಕುಮಾರ್, ವಿಷ್ಣುವರ್ಧನ್, ಶಂಕರ್‌ನಾಗ್ ಅವರ ಹಾಡುಗಳಿಗೆ ಮಕ್ಕಳು ಹೆಜ್ಜೆ ಹಾಕುತ್ತಾರೆ. ಹಿರಿಯರು ನರಸಿಂಹರಾಜು ಅವರ ಹಾಸ್ಯವನ್ನು ನೆನೆದು ನಗುತ್ತಾರೆ. ಆದರೆ ಆ ನಾಯಕರೆದುರು ಎದೆಯುಬ್ಬಿಸಿ ನಿಂತು, ಒದೆ ತಿಂದು, ಸೋತು, ನಾಯಕನ ಗೆಲುವಿಗೆ ಅರ್ಥ ತಂದುಕೊಟ್ಟ ಕಲಾವಿದರ ಹೆಸರು ಅಲ್ಲಿ ಕೇಳಿಬರುವುದು ಅಪರೂಪ. ಎಂ.ಪಿ. ಶಂಕರ್, ತೂಗುದೀಪ ಶ್ರೀನಿವಾಸ್, ಸುಂದರಕೃಷ್ಣ ಅರಸ್, ಧೀರೇಂದ್ರ ಗೋಪಾಲ್, ಟೈಗರ್ ಪ್ರಭಾಕರ್ ಹೀಗೆ ಪಟ್ಟಿ ದೊಡ್ಡದಿದೆ. ಆ ಪಟ್ಟಿಯ ಮೊದಲಲ್ಲಿ ನಿಲ್ಲುವವರು ವಜ್ರಮುನಿ. ಅಲ್ ಖೋರಿನಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಾವು ಅವರನ್ನು ಮರೆಯುವುದು ನಷ್ಟವೆಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಇಲ್ಲಿ ನಿವೇದಿಸುತ್ತೇನೆ.

ವಜ್ರಮುನಿಯವರು 1944ರ ಮೇ 11ರಂದು ಬೆಂಗಳೂರಿನಲ್ಲಿ ಜನಿಸಿದರು. ಅವರ ಮೂಲ ಹೆಸರು ಸದಾನಂದ ಸಾಗರ್. ಅವರು ಚಿತ್ರರಂಗಕ್ಕೆ ಬಂದದ್ದು ರಂಗಭೂಮಿಯ ದಾರಿಯಿಂದ. ಕಣಗಾಲ್ ಪ್ರಭಾಕರ ಶಾಸ್ತ್ರಿಗಳ 'ಪ್ರಚಂಡ ರಾವಣ' ನಾಟಕದಲ್ಲಿ ಅವರು ವಹಿಸಿದ ರಾವಣನ ಪಾತ್ರ ಹೆಸರು ಮಾಡಿತು. ಶಾಸ್ತ್ರಿಗಳ ತಮ್ಮನೇ ನಿರ್ದೇಶಕ ಪುಟ್ಟಣ್ಣ ಕಣಗಾಲ್. ಅವರ ಕಣ್ಣಿಗೆ ಬಿದ್ದ ಈ ತರುಣ, 1969ರಲ್ಲಿ ತೆರೆಕಂಡ 'ಮಲ್ಲಮ್ಮನ ಪವಾಡ'ದ ಮೂಲಕ ಬೆಳ್ಳಿತೆರೆಗೆ ಬಂದರು. ಅಲ್ಲಿಂದ ಸುಮಾರು ಮೂರು ದಶಕಗಳ ಕಾಲ ನೂರಾರು ಚಿತ್ರಗಳಲ್ಲಿ ನಟಿಸಿ 'ನಟಭೈರವ' ಎನಿಸಿಕೊಂಡರು. 2006ರ ಜನವರಿ 5ರಂದು ನಿಧನರಾದರು. ಹೆಸರಿನಲ್ಲಿ ಮುನಿ, ತೆರೆಯ ಮೇಲೆ ಖಳ. ಈ ವೈರುಧ್ಯವನ್ನು ಕನ್ನಡಿಗರು ಪ್ರೀತಿಯಿಂದಲೇ ಒಪ್ಪಿಕೊಂಡರು.

ಅವರ ಅಭಿನಯದ ಬುನಾದಿ ನಾಟಕದ್ದು. ಧ್ವನಿವರ್ಧಕವನ್ನು ನೆಚ್ಚದೆ ಕೊನೆಯ ಬೆಂಚಿನವನಿಗೂ ಮಾತು ತಲುಪಬೇಕೆಂಬ ಶಿಸ್ತಿನಿಂದ ಬಂದ ಕಂಠ ಅದು. ಅಕ್ಷರ ನುಂಗುವುದಿಲ್ಲ, ಒತ್ತಕ್ಷರ ಜಾರುವುದಿಲ್ಲ, ವಾಕ್ಯದ ಕೊನೆಯಲ್ಲಿ ದನಿ ಇಳಿಯುವುದಿಲ್ಲ. ಜೊತೆಗೆ ಆ ಕಣ್ಣುಗಳು. ಮಾತು ಆರಂಭವಾಗುವ ಮೊದಲೇ ಅರ್ಧ ಮಾತನ್ನು ಅವೇ ಆಡಿಬಿಡುತ್ತಿದ್ದವು. 'ಯಲಾ ಕುನ್ನಿ' ಎಂಬ ಅವರ ಉದ್ಗಾರವನ್ನು ಅರಿಯದ ಕನ್ನಡಿಗರು ಕಡಿಮೆ. ಕುನ್ನಿಯೆಂದರೆ ನಾಯಿಮರಿ. ಬೈಗುಳವಾಗಿ ನೋಡಿದರೆ ಅದು ಬಲು ಸೌಮ್ಯ. ಅದಕ್ಕೆ ಬೆದರಿಕೆಯ ತೂಕ ಬಂದದ್ದು ಕೇವಲ ಉಚ್ಚಾರಣೆಯಿಂದ. ಅವರು ತೀರಿಕೊಂಡು ಹದಿನೆಂಟು ವರ್ಷಗಳಾದ ಮೇಲೆ, 2024ರಲ್ಲಿ, ಕೋಮಲ್ ಅಭಿನಯದ ಚಿತ್ರವೊಂದು ಅದೇ ಉದ್ಗಾರವನ್ನು ಶೀರ್ಷಿಕೆಯಾಗಿಟ್ಟುಕೊಂಡು ತೆರೆಗೆ ಬಂದಿತು. ಖಳನಟರೊಬ್ಬರ ಎರಡು ಪದಗಳು ಇಷ್ಟು ಕಾಲ ಬಾಳುವುದು ಸಾಮಾನ್ಯ ಸಂಗತಿಯಲ್ಲ.

ಇದು ಒಬ್ಬ ನಟನ ಜನಪ್ರಿಯತೆಯ ಮಾತಷ್ಟೇ ಅಲ್ಲ. ಪ್ರತಿನಾಯಕನನ್ನು ಗೌರವದಿಂದ ಕಾಣುವುದು ಕನ್ನಡದ ಬಹು ಹಳೆಯ ಗುಣ. ಹತ್ತನೆಯ ಶತಮಾನದಲ್ಲಿ ರನ್ನನು ಭೀಮನ ವಿಜಯವನ್ನು ಹಾಡಲು ಹೊರಟು ದುರ್ಯೋಧನನನ್ನೇ ನಮ್ಮ ಮನಸ್ಸಿನಲ್ಲಿ ನಿಲ್ಲಿಸಿಬಿಟ್ಟ. ನಾಗಚಂದ್ರನ ರಾಮಾಯಣದಲ್ಲಿ ರಾವಣ ಪಶ್ಚಾತ್ತಾಪಪಡಬಲ್ಲ ದೊಡ್ಡ ವ್ಯಕ್ತಿ. ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ಕೃತಿಯಲ್ಲಿ ಅವನಿಗೂ ಉದ್ಧಾರದ ದಾರಿಯುಂಟು. ಕರಾವಳಿ ಮತ್ತು ಕಾಸರಗೋಡಿನ ಬಂಧುಗಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ತೆಂಕುತಿಟ್ಟಿನ ಯಕ್ಷಗಾನದಲ್ಲಿ ಮುಖವರ್ಣಿಕೆಗೆ ಅತಿ ಹೆಚ್ಚು ಹೊತ್ತು ಹಿಡಿಯುವುದು ರಾಕ್ಷಸ ಪಾತ್ರಗಳ ಬಣ್ಣದ ವೇಷಕ್ಕೆ. ಅಕ್ಕಿಹಿಟ್ಟಿನ ಚುಟ್ಟಿಯನ್ನು ಒಂದೊಂದಾಗಿ ಇಟ್ಟು ಸಿದ್ಧವಾದ ಆ ವೇಷ ಅಬ್ಬರಿಸುತ್ತ ರಂಗಕ್ಕೆ ಬಂದಾಗ, ತೂಕಡಿಸುತ್ತಿದ್ದ ಮಕ್ಕಳೆಲ್ಲ ಎದ್ದು ಕೂರುತ್ತಾರೆ. ಬಣ್ಣದ ಮಹಾಲಿಂಗರಂಥ ಕಲಾವಿದರಿಗೆ ಆ ವೇಷವೇ ಹೆಸರಿನ ಭಾಗವಾಯಿತು. ವರನಟ ರಾಜ್‌ಕುಮಾರ್ ಅವರೇ 1958ರ 'ಭೂಕೈಲಾಸ'ದಲ್ಲಿ ರಾವಣನಾಗಿ, 1959ರ 'ಮಹಿಷಾಸುರ ಮರ್ದಿನಿ'ಯಲ್ಲಿ ಮಹಿಷನಾಗಿ, 1983ರ 'ಭಕ್ತ ಪ್ರಹ್ಲಾದ'ದಲ್ಲಿ ಹಿರಣ್ಯಕಶಿಪುವಾಗಿ ನಟಿಸಿದರು. ದೇವರ ಪಾತ್ರಕ್ಕಿಂತ ಅಸುರನ ಪಾತ್ರಕ್ಕೆ ಹೆಚ್ಚು ಶಕ್ತಿ ಬೇಕೆಂಬುದನ್ನು ಅವರು ಬಲ್ಲರು. ರಂಗದ ಮೇಲೆ ರಾವಣನಾಗಿ ಬಂದ ವಜ್ರಮುನಿಯವರು ಈ ಪರಂಪರೆಯ ಮುಂದಿನ ಕೊಂಡಿ.

ಆದರೆ ಪುರಾಣದ ರಾಕ್ಷಸನಿಗೂ ವಜ್ರಮುನಿಯವರ ಖಳನಿಗೂ ಒಂದು ಮುಖ್ಯ ವ್ಯತ್ಯಾಸವಿದೆ. 1975ರ 'ಮಯೂರ'ದಲ್ಲಿ ಪಲ್ಲವರ ವಿಷ್ಣುಗೋಪನಂಥ ಐತಿಹಾಸಿಕ ಪಾತ್ರಗಳನ್ನು ಅವರು ಮಾಡಿದ್ದು ನಿಜ. ಆದರೂ ಜನಮನದಲ್ಲಿ ನಿಂತದ್ದು ಹಳ್ಳಿಯ ಸಾಹುಕಾರ, ಜಮೀನುದಾರ, ಊರಗೌಡನ ಪಾತ್ರಗಳು. ಆ ಖಳನಿಗೆ ಒಂದು ವಿಳಾಸವಿತ್ತು. ಅವನ ಮನೆ ಊರ ನಡುವೆಯೇ ಇತ್ತು. ಅವನ ಪೆಟ್ಟಿಗೆಯಲ್ಲಿ ಸಾಲದ ಪತ್ರಗಳಿದ್ದವು, ಅವನ ಗದ್ದೆಯಲ್ಲಿ ಪಕ್ಕದ ಮನೆಯವರೇ ದುಡಿಯುತ್ತಿದ್ದರು. ಧುತ್ತರಗಿಯವರ ನಾಟಕವನ್ನು ಆಧರಿಸಿದ 'ಸಂಪತ್ತಿಗೆ ಸವಾಲ್' ತೆರೆಕಂಡದ್ದು 1974ರಲ್ಲಿ. ದೇವರಾಜ ಅರಸು ಅವರ ಸರ್ಕಾರ ತಂದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದದ್ದೂ ಅದೇ ವರ್ಷ. 'ಉಳುವವನೇ ಹೊಲದೊಡೆಯ' ಎಂಬ ಘೋಷಣೆ ಊರೂರಿನಲ್ಲಿ ಕೇಳುತ್ತಿದ್ದ ಕಾಲ ಅದು. ಜೀತಪದ್ಧತಿಯನ್ನು ರದ್ದುಪಡಿಸಿದ ಕೇಂದ್ರದ ಕಾಯಿದೆ 1976ರದು. ಟೆಂಟಿನಲ್ಲಿ ನೆಲದ ಮೇಲೆ ಕುಳಿತು ಚಿತ್ರ ನೋಡಿದ ಗೇಣಿದಾರನಿಗೆ, ಕೂಲಿಯವನಿಗೆ ತೆರೆಯ ಮೇಲಿನ ದರ್ಪ ಕಟ್ಟುಕತೆಯಾಗಿ ಕಂಡಿರಲಾರದು. ಬೆಳಿಗ್ಗೆ ಕೈಮುಗಿದು ನಿಂತಿದ್ದ ಜಗಲಿಯನ್ನೇ ರಾತ್ರಿ ತೆರೆಯ ಮೇಲೆ ಕಂಡು, ಅಲ್ಲಿ ಆ ದರ್ಪ ಸೋಲುವುದನ್ನು ನೋಡಿ ಆತ ಸೀಟಿ ಹೊಡೆದ. ಕಾನೂನು ಕಾಗದದ ಮೇಲೆ ಮಾಡುತ್ತಿದ್ದುದನ್ನು ಸಿನಿಮಾ ಮನಸ್ಸಿನಲ್ಲಿ ಮಾಡುತ್ತಿತ್ತು. ಅನ್ಯಾಯಕ್ಕೆ ಒಂದು ಮುಖ ಬೇಕಾಗಿತ್ತು. ವಜ್ರಮುನಿ ತಮ್ಮ ಮುಖವನ್ನು ಕೊಟ್ಟರು.

ಹಾಗೆ ಕೊಟ್ಟವರು ಅದರ ಬೆಲೆಯನ್ನೂ ತೆತ್ತರು. ನಾಯಕನಟನನ್ನು ಕಂಡರೆ ಜನ ಓಡಿಬಂದು ಕಾಲಿಗೆರಗುವರು; ಖಳನಟನನ್ನು ಕಂಡರೆ ಹೆಂಗಸರು ಸೆರಗು ಸರಿಪಡಿಸಿಕೊಂಡು ದೂರ ಸರಿಯುವರು. ತೆರೆಯ ಮೇಲಿನ ದುಷ್ಟನಿಗೂ ಮನೆಯಲ್ಲಿ ಮಕ್ಕಳ ಶಾಲೆಯ ಚಿಂತೆ ಮಾಡುವ ತಂದೆಗೂ ನಡುವೆ ಇರುವ ಅಂತರವನ್ನು ಪ್ರೇಕ್ಷಕ ಸುಲಭವಾಗಿ ಒಪ್ಪುವುದಿಲ್ಲ. ವಜ್ರಮುನಿಯವರನ್ನು ಹತ್ತಿರದಿಂದ ಬಲ್ಲ ಸಹಕಲಾವಿದರು ಅವರನ್ನು ನೆನೆಯುವುದು ಮೃದು ಸ್ವಭಾವದ, ಸ್ನೇಹಪರ ವ್ಯಕ್ತಿಯಾಗಿ. ಸಜ್ಜನನೊಬ್ಬ ಮೂವತ್ತು ವರ್ಷ ಜನರ ಶಾಪವನ್ನು ಪ್ರಶಸ್ತಿಯೆಂದು ಸ್ವೀಕರಿಸುತ್ತ ದುಡಿದದ್ದು ಸಣ್ಣ ತ್ಯಾಗವಲ್ಲ. ನಮ್ಮವರೇ ಆದ ಪ್ರಕಾಶ್ ರೈ ತಮಿಳು, ತೆಲುಗು ಚಿತ್ರಗಳಲ್ಲಿ ಖಳನಾಗಿ ಮೆರೆದರೂ, 'ಕಾಂಚೀವರಂ' ಚಿತ್ರದ ಬಡ ನೇಕಾರನ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದರು. ಹಿಂದಿನ ತಲೆಮಾರಿನ ಖಳನಟರಿಗೆ ಅಂಥ ತಿರುವು ಸಿಕ್ಕಿದ್ದು ಕಡಿಮೆ. ಒಮ್ಮೆ ಹಚ್ಚಿದ ಬಣ್ಣವನ್ನು ಅಳಿಸಲು ಉದ್ಯಮ ಬಿಡಲಿಲ್ಲ, ನಾವೂ ಬಿಡಲಿಲ್ಲ.

ಇಲ್ಲಿ ಒಂದು ಆಕ್ಷೇಪಣೆ ಬರುವುದು ಸಹಜ, ಮತ್ತು ಅದು ನ್ಯಾಯವಾದದ್ದು. ಆ ಕಾಲದ ಅನೇಕ ಚಿತ್ರಗಳಲ್ಲಿ ಖಳನ ದುಷ್ಟತನವನ್ನು ತೋರಿಸಲು ನಿರ್ದೇಶಕರು ಆರಿಸಿಕೊಂಡ ಸುಲಭದ ದಾರಿ ಹೆಣ್ಣಿನ ಮೇಲಿನ ಆಕ್ರಮಣ. ಅವಳ ಭಯವೇ ಒಂದು ದೃಶ್ಯವಾಗಿ, ನಾಯಕನ ಪ್ರವೇಶಕ್ಕೆ ಪೀಠಿಕೆಯಾಗಿ ಬಳಕೆಯಾಯಿತು. ಇದನ್ನು 'ಆ ಕಾಲವೇ ಹಾಗಿತ್ತು' ಎಂದು ತೇಲಿಸಿಬಿಡಲು ನಾನು ಸಿದ್ಧನಿಲ್ಲ. ಆದ್ದರಿಂದಲೇ ಹಳೆಯ ಚಿತ್ರಗಳನ್ನು ಮಕ್ಕಳ ಕೈಗೆ ಕೊಟ್ಟು ನಾವು ಬೇರೆ ಕೋಣೆಗೆ ಹೋಗುವುದು ಸರಿಯಲ್ಲ. ಆರಿಸಬೇಕು, ಪಕ್ಕದಲ್ಲಿ ಕುಳಿತು ನೋಡಬೇಕು, ಯಾವುದು ತಪ್ಪು ಎಂದು ಆಡಿ ತೋರಿಸಬೇಕು. ಆದರೂ ಒಂದು ಮಾತನ್ನು ಸೇರಿಸಬೇಕು. ಆ ಚಿತ್ರಗಳಲ್ಲಿ ಅಂಥ ಕೃತ್ಯ ಎಸಗಿದವನನ್ನು ಯಾರೂ ಮೆಚ್ಚುತ್ತಿರಲಿಲ್ಲ. ಅವನಂತೆ ಮೀಸೆ ತಿರುವಬೇಕೆಂದು ಹುಡುಗರಿಗೆ ಅನ್ನಿಸುವಂತೆ ಕ್ಯಾಮೆರಾ ಅವನನ್ನು ಮುದ್ದಿಸುತ್ತಿರಲಿಲ್ಲ.

ಈಗಿನ ಸ್ಥಿತಿ ಬೇರೆ. 1995ರ 'ಓಂ' ಚಿತ್ರದೊಂದಿಗೆ ಮಚ್ಚು ಹಿಡಿದವನೇ ನಾಯಕನಾದ. ಆ ಚಿತ್ರಕ್ಕೆ ರೌಡಿ ಜೀವನದ ದುರಂತವನ್ನು ತೋರಿಸುವ ಉದ್ದೇಶವಿತ್ತು. ಅದರ ಹಿಂದೆ ಬಂದ ಎಷ್ಟೋ ಚಿತ್ರಗಳು ಉದ್ದೇಶವನ್ನು ಬಿಟ್ಟು ಮಚ್ಚನ್ನು ಮಾತ್ರ ತೆಗೆದುಕೊಂಡವು. 2018 ಮತ್ತು 2022ರಲ್ಲಿ ಎರಡು ಭಾಗಗಳಾಗಿ ಬಂದ 'ಕೆಜಿಎಫ್' ಕನ್ನಡ ಚಿತ್ರರಂಗವನ್ನು ದೇಶದ ಉದ್ದಗಲಕ್ಕೂ ಪರಿಚಯಿಸಿತು. ಪರನಾಡಿನಲ್ಲಿರುವ ನಾವೆಲ್ಲ ಹೆಮ್ಮೆಪಟ್ಟಿದ್ದೇವೆ. ಆದರೆ ಕಥೆಯನ್ನು ನಿಧಾನವಾಗಿ ನೆನೆಯೋಣ. ಗಣಿಯಲ್ಲಿ ಜನರನ್ನು ಗುಲಾಮರನ್ನಾಗಿ ಇರಿಸಿದ್ದ ಗರುಡನನ್ನು ಕೊಂದ ರಾಕಿ, ಅನಂತರ ಅದೇ ಗಣಿಯ ಒಡೆಯನಾಗುತ್ತಾನೆ. ಬಂದೂಕು, ಚಿನ್ನ, ಅಧಿಕಾರದ ಹಸಿವು ಇವೆಲ್ಲ ಹಿಂದೆ ಖಳನ ಲಕ್ಷಣಗಳು. ಕೊನೆಯಲ್ಲಿ ರಾಕಿಗೂ ಅಂತ್ಯವಿದೆ, ನಿಜ. ಆದರೆ ನಮ್ಮ ಕಣ್ಣು ತೇವವಾದದ್ದು ಅವನಿಗಾಗಿ. ಖಳನ ಸಂಪತ್ತನ್ನೆಲ್ಲ ನಾಯಕನಿಗೆ ವರ್ಗಾಯಿಸಿದ ಮೇಲೆ, ಅವನನ್ನು ನೋಡುವ ಹತ್ತು ವರ್ಷದ ಹುಡುಗ ಯಾರ ಸೋಲಿಗೆ ಚಪ್ಪಾಳೆ ತಟ್ಟಬೇಕು?

ಹಳೆಯದೆಲ್ಲ ಚಿನ್ನ, ಹೊಸದೆಲ್ಲ ತಗಡು ಎಂಬ ವಾದ ನನ್ನದಲ್ಲ. ಹೊಸ ಚಿತ್ರಗಳು ತಂತ್ರದಲ್ಲಿ ಬಹಳ ಮುಂದಿವೆ, ಮನುಷ್ಯರನ್ನು ಕಪ್ಪು ಬಿಳುಪೆಂದು ಸೀಳದಿರುವ ಪ್ರೌಢಿಮೆಯೂ ಕೆಲವಕ್ಕೆ ಇದೆ. ಆದರೆ ಬೂದು ಬಣ್ಣವನ್ನು ಗುರುತಿಸಬೇಕಾದರೆ ಮೊದಲು ಕಪ್ಪು ಯಾವುದು, ಬಿಳುಪು ಯಾವುದು ಎಂದು ತಿಳಿದಿರಬೇಕಲ್ಲವೇ? ವಜ್ರಮುನಿಯವರ ಚಿತ್ರಗಳು ಆ ಮೊದಲ ಪಾಠವನ್ನು ಹೇಳಿಕೊಡುತ್ತವೆ. ದರ್ಪ ಎಷ್ಟೇ ಆಕರ್ಷಕವಾಗಿ ಮಾತನಾಡಿದರೂ ದರ್ಪವೇ, ಅದಕ್ಕೆ ಉತ್ತರ ಕೊಡುವವರು ಹುಟ್ಟಿಯೇ ಹುಟ್ಟುತ್ತಾರೆ.

ನಮ್ಮೂರಿಗೆ ಸಂಬಂಧಿಸಿದ ಇನ್ನೊಂದು ಕಾರಣವೂ ಇದೆ. ಅಲ್ ಖೋರಿನಲ್ಲಿ ನಮ್ಮಲ್ಲಿ ಬಹುಮಂದಿ ರಾಸ್ ಲಫಾನಿನ ಪಾಳಿಗಳಿಗೆ ತಕ್ಕಂತೆ ಬದುಕನ್ನು ಹೊಂದಿಸಿಕೊಂಡವರು. ಮಕ್ಕಳಿಗೆ ಶಾಲೆಯಲ್ಲಿ ಇಂಗ್ಲಿಷ್, ಆಟದ ಬಯಲಿನಲ್ಲಿ ಹಿಂದಿ ಮಲಯಾಳಂಗಳ ಬೆರಕೆ, ಅಂಗಡಿಯಲ್ಲಿ ಒಂದೆರಡು ಅರಬ್ಬಿ ಪದ. ಕನ್ನಡ ಮಾತ್ರ ಮನೆಯೊಳಗಿನ ಭಾಷೆ. ಮನೆಯೊಳಗಿನ ಕನ್ನಡವೆಂದರೆ ಊಟ ಮಾಡು, ಸ್ನಾನ ಮಾಡು, ಬೇಗ ಮಲಗು, ಅಜ್ಜಿಗೆ ಫೋನು ಮಾಡು. ಈ ಕನ್ನಡದಲ್ಲಿ ಪ್ರೀತಿಯಿದೆ. ಆದರೆ ವ್ಯಂಗ್ಯವಿಲ್ಲ, ಸವಾಲಿಲ್ಲ, ಮರುಸವಾಲಿಲ್ಲ, ಗಾದೆಯ ಮೊನಚಿಲ್ಲ. ಕೋಪ ಬಂದ ಕೂಡಲೇ ನಮ್ಮ ಮಕ್ಕಳು ಇಂಗ್ಲಿಷಿಗೆ ಜಾರುವುದನ್ನು ನಾವೆಲ್ಲ ಕಂಡಿದ್ದೇವೆ. ಏಕೆಂದರೆ ಕೋಪದ ಕನ್ನಡವನ್ನು ನಾವು ಅವರಿಗೆ ಕಲಿಸಿಲ್ಲ. ಕೋಪ, ಹಮ್ಮು, ಹುಸಿನಗೆ, ಬೆದರಿಕೆ, ಕೊನೆಗೆ ಸೋಲಿನ ಸಂಕಟ ಇವೆಲ್ಲಕ್ಕೂ ಕನ್ನಡದಲ್ಲಿ ಎಷ್ಟು ತುಂಬಿದ ಮಾತಿದೆ ಎಂಬುದನ್ನು ಅರಿಯಲು ವಜ್ರಮುನಿಯವರ ಸಂಭಾಷಣೆಗಿಂತ ಒಳ್ಳೆಯ ಪಾಠಶಾಲೆ ಸಿಗುವುದು ಕಷ್ಟ.

ಆದ್ದರಿಂದ ಸಂಘದ ಬಂಧುಗಳ ಮುಂದೆ ಎರಡು ಸಲಹೆಗಳನ್ನು ಇಡುತ್ತೇನೆ. ಮೊದಲನೆಯದು, ತಿಂಗಳಿಗೊಂದು ಶುಕ್ರವಾರ ಸಂಜೆ ಎರಡು ಮೂರು ಕುಟುಂಬಗಳು ಒಂದೇ ಮನೆಯಲ್ಲಿ ಸೇರಿ, ಹಿರಿಯರು ಮುಂಚಿತವಾಗಿ ನೋಡಿ ಆರಿಸಿದ ಹಳೆಯ ಚಿತ್ರವೊಂದನ್ನು ಮಕ್ಕಳೊಂದಿಗೆ ನೋಡುವುದು. 'ಮಯೂರ'ದಿಂದ ಆರಂಭಿಸಬಹುದು. ಚಿತ್ರ ಮುಗಿದ ಬಳಿಕ ಮಕ್ಕಳನ್ನು ಕೇಳಬೇಕಾದ ಪ್ರಶ್ನೆ 'ಯಾರು ಗೆದ್ದರು?' ಎಂಬುದಲ್ಲ. 'ಅವನು ಏಕೆ ಹಾಗೆ ಮಾಡಿದ? ಅವನನ್ನು ತಡೆಯಬಹುದಾಗಿದ್ದವರು ಏಕೆ ಸುಮ್ಮನಿದ್ದರು?' ಎಂದು ಕೇಳೋಣ. ಊರಿನಿಂದ ಬಂದ ಅಜ್ಜ ಅಜ್ಜಿಯರಿದ್ದರೆ ತಾವು ಕಂಡ ಸಾಹುಕಾರರ ಕಥೆಯನ್ನು ಅವರೇ ಹೇಳಲಿ. ಗೇಣಿ ಎಂದರೇನು, ಅಡವು ಎಂದರೇನು ಎಂಬುದನ್ನು ಮಕ್ಕಳು ಪುಸ್ತಕಕ್ಕಿಂತ ಚೆನ್ನಾಗಿ ಅಲ್ಲಿ ತಿಳಿಯುತ್ತಾರೆ.

ಎರಡನೆಯದು, ಮುಂದಿನ ರಾಜ್ಯೋತ್ಸವದ ವೇಷಭೂಷಣ ಸ್ಪರ್ಧೆಯ ಜೊತೆಗೆ ಖಳಪಾತ್ರಗಳ ಏಕಪಾತ್ರಾಭಿನಯಕ್ಕೂ ಒಂದು ವಿಭಾಗವಿರಲಿ. ಪ್ರತಿವರ್ಷ ಕಿತ್ತೂರು ಚೆನ್ನಮ್ಮ, ವಿವೇಕಾನಂದ, ಕೆಂಪೇಗೌಡರ ವೇಷ ತೊಟ್ಟು ಎರಡು ಸಾಲು ಉರುಹೊಡೆದು ಒಪ್ಪಿಸುವ ಮಕ್ಕಳು, ಒಂದು ವರ್ಷ ದುರ್ಯೋಧನನಾಗಲಿ, ಹಿರಣ್ಯಕಶಿಪುವಾಗಲಿ, ವಜ್ರಮುನಿಯವರ ಸಾಹುಕಾರನಾಗಲಿ. ಮೂರು ನಿಮಿಷ ನಿರರ್ಗಳವಾಗಿ, ಒಂದೂ ಇಂಗ್ಲಿಷ್ ಪದವಿಲ್ಲದೆ ಗರ್ಜಿಸಬೇಕು ಎಂಬುದಷ್ಟೇ ನಿಯಮ. ಹೆಣ್ಣುಮಕ್ಕಳೂ ಭಾಗವಹಿಸಲಿ, ಶೂರ್ಪನಖಿ, ತಾಟಕಿಯರಿಗೆ ಯಕ್ಷಗಾನದಲ್ಲಿ ಎಷ್ಟು ಮರ್ಯಾದೆಯುಂಟೆಂಬುದು ನಮಗೆ ಗೊತ್ತು. ಕೆಟ್ಟವನ ಪಾತ್ರ ಮಾಡಿದ ಮಗು ಕೆಡುವುದಿಲ್ಲ. ಪಾತ್ರ ಬೇರೆ, ತಾನು ಬೇರೆ ಎಂಬುದನ್ನು, ಕೆಡುಕು ಯಾವ ದನಿಯಲ್ಲಿ ಮಾತನಾಡುತ್ತದೆ ಎಂಬುದನ್ನು ಅದು ಕಲಿಯುತ್ತದೆ. ದೊಡ್ಡವರಾದ ಮೇಲೆ ಆ ದನಿಯನ್ನು ಕಚೇರಿಯಲ್ಲೋ ರಾಜಕೀಯದಲ್ಲೋ ಕೇಳಿದಾಗ ಗುರುತಿಸಲು ಆ ಕಲಿಕೆ ನೆರವಾಗುತ್ತದೆ.

ತೀರ್ಪುಗಾರರಾಗಿ ಕೂರಲು ಒಪ್ಪುವ ಹಿರಿಯರು, ಚಿತ್ರ ನೋಡಲು ಮನೆ ತೆರೆದುಕೊಡುವ ಕುಟುಂಬಗಳು ಸಂಘದ ಸ್ವಯಂಸೇವಕರಿಗೆ ತಿಳಿಸಬೇಕೆಂದು ವಿನಂತಿ. ನನ್ನ ಅಭಿಪ್ರಾಯಕ್ಕೆ ವಿರೋಧವಿರುವವರು ಮುಂದಿನ ಸಂಚಿಕೆಗೆ ಬರೆಯಲಿ. ಒಳ್ಳೆಯ ಎದುರಾಳಿಯಿಲ್ಲದೆ ಯಾವ ವಾದವೂ ಬೆಳೆಯದು.