ಹಾವಿನ ಕಡಿತವೂ ಆಂಬ್ಯುಲೆನ್ಸ್ ಸೇವೆಯೂ

ಮುಂಗಾರು ಹಿಡಿದು ಬಿತ್ತನೆಯು ನಡೆಯುವ ದಿನಗಳೇ ಹಾವಿನ ಕಡಿತವು ಹೆಚ್ಚುವ ದಿನಗಳೂ ಆಗಿರುವುವು. 2000ನೆಯ ಇಸವಿಯಿಂದ 2019ರ ವರೆಗೆ ಭಾರತದಲ್ಲಿ ಸುಮಾರು 12 ಲಕ್ಷ ಜನರು ಹಾವು ಕಡಿದು ಮೃತರಾದರೆಂದು 2020ರಲ್ಲಿ ಪ್ರಕಟವಾದ ಅಂದಾಜು ತಿಳಿಸುತ್ತದೆ. ಅಂದರೆ ವರ್ಷಕ್ಕೆ ಸರಾಸರಿ 58,000 ಸಾವುಗಳು. ಇವರಲ್ಲಿ ಬಹುಮಂದಿ ಹಳ್ಳಿಗಳವರು. ಸುಮಾರು ಅರ್ಧದಷ್ಟು ಸಾವುಗಳು ಜೂನ್ ಮೊದಲ್ಗೊಂಡು ಸೆಪ್ಟೆಂಬರ್ ವರೆಗಿನ ನಾಲ್ಕು ತಿಂಗಳಲ್ಲಿ ಸಂಭವಿಸಿದವು. ಉಳುವ ಎತ್ತು ಸತ್ತರೆ ನಷ್ಟವೆಂದು ಲೆಕ್ಕವಿಡುವ ಗ್ರಾಮವು, ಆಳುಮಗನು ಸತ್ತಾಗ ಹಣೆಯ ಬರಹವೆಂದು ಸುಮ್ಮನಾಗುವುದು ಯುಕ್ತವಲ್ಲ.

ಕರ್ನಾಟಕದಲ್ಲಿ 2008ನೆಯ ನವೆಂಬರ್ 1ರಂದು 'ಆರೋಗ್ಯ ಕವಚ'ವೆಂಬ ಹೆಸರಿನಿಂದ 108 ಆಂಬ್ಯುಲೆನ್ಸ್ ಸೇವೆಯು ಆರಂಭವಾಯಿತು. ರೋಗಿಯಿಂದ ಬಾಡಿಗೆಯನ್ನು ತೆಗೆದುಕೊಳ್ಳತಕ್ಕದ್ದಿಲ್ಲ. ವಾಹನದಲ್ಲಿ ಪ್ರಾಣವಾಯುವಿನ ಸಿಲಿಂಡರೂ, ತರಬೇತಾದ ಸಹಾಯಕನೂ ಇರುವರು. ಇಷ್ಟು ಏರ್ಪಾಡಾದ ಮೇಲೆ ಗ್ರಾಮದವರು ದೂರವಾಣಿಯಲ್ಲಿ ಕರೆದು ಕಾಯುವುದಲ್ಲದೆ ಬೇರೇನೂ ಮಾಡಬೇಕಾದುದಿಲ್ಲವೆಂಬ ಭಾವನೆ ಅನೇಕರಲ್ಲಿದೆ. ಇದು ತಪ್ಪು. ಕರೆಗೂ ವಾಹನದ ಆಗಮನಕ್ಕೂ ನಡುವಣ ಕಾಲವು ಗ್ರಾಮದ ಕೈಯಲ್ಲಿರುವುದು. ಕೆಡುವುದೆಲ್ಲವೂ ಸಾಮಾನ್ಯವಾಗಿ ಆಗಲೇ ಕೆಡುವುದು. ಇಂಗ್ಲೆಂಡಿನ ಸೇಂಟ್ ಜಾನ್ ಆಂಬ್ಯುಲೆನ್ಸ್ ಸಂಘವು 1877ರಲ್ಲಿ ಹುಟ್ಟಿದಾಗ ಅದರ ಮುಖ್ಯ ಕೆಲಸವು ಸಾಮಾನ್ಯ ಜನರಿಗೆ ಪ್ರಥಮ ಚಿಕಿತ್ಸೆಯನ್ನು ಕಲಿಸುವುದೇ ಆಗಿದ್ದಿತೆಂಬುದನ್ನು ಇಲ್ಲಿ ನೆನೆಯಬಹುದು.

ಈಗಲೂ ಹಾವು ಕಡಿದ ಕೂಡಲೆ ಹಗ್ಗದಿಂದ ಬಿಗಿಯುವರು, ಗಾಯವನ್ನು ಕೊಯ್ಯುವರು, ಮಂತ್ರವಾದಿಯ ಮನೆಗೆ ಹೊತ್ತೊಯ್ಯುವರು. ಕೊಳಕುಮಂಡಲದ ವಿಷವು ಕಡಿದ ಭಾಗವನ್ನೇ ಕೊಳೆಯಿಸತಕ್ಕದ್ದು. ಬಿಗಿದ ಹಗ್ಗವು ಆ ಹಾನಿಯನ್ನು ಹೆಚ್ಚಿಸಿ ಕಾಲನ್ನೇ ಕಳೆಯುವುದುಂಟು. ಕಟ್ಟುಹಾವು ಇನ್ನೂ ಮೋಸದ್ದು. ನೆಲದ ಮೇಲೆ ಮಲಗಿದವನನ್ನು ರಾತ್ರಿ ಕಡಿದರೆ ನೋವಾಗಲಿ ಗುರುತಾಗಲಿ ಹೆಚ್ಚಾಗಿ ಕಾಣದು. ಬೆಳಗಿನ ಜಾವಕ್ಕೆ ಹೊಟ್ಟೆನೋವು ಬಂದು, ರೆಪ್ಪೆಗಳು ಜೋತುಬಿದ್ದು, ಕಡೆಗೆ ಉಸಿರು ನಿಲ್ಲುವುದು. ಇಂಥ ರೋಗಿಗೆ ದಾರಿಯಲ್ಲಿ ಉಸಿರನ್ನು ನಡೆಯಿಸಬಲ್ಲವನು ಬೇಕು. ಆಂಬ್ಯುಲೆನ್ಸಿಗೂ ಬಾಡಿಗೆಯ ಆಟೋರಿಕ್ಷಾಕ್ಕೂ ಇರುವ ಅಂತರವು ಇದೇ. ವಿಷಕ್ಕೆ ಮದ್ದು ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷದ ಸೂಜಿಯೊಂದೇ.

ಜನರೂ ವಾಹನವೂ ಕೂಡಿ ಕೆಲಸಮಾಡಿದರೆ ಫಲವೆಷ್ಟೆಂಬುದಕ್ಕೆ ನೇಪಾಳದ ತರಾಯಿ ಸೀಮೆಯಲ್ಲಿ ದೃಷ್ಟಾಂತವಿದೆ. ದಮಕ್ ಸುತ್ತಣ ಕೆಲವು ಗ್ರಾಮಗಳಲ್ಲಿ ಸ್ವಯಂಸೇವಕರು ತಮ್ಮ ಮೋಟಾರು ಸೈಕಲ್ಲುಗಳಲ್ಲಿ ರೋಗಿಯನ್ನು ಸವಾರನಿಗೂ ಹಿಂದೆ ಕುಳಿತವನಿಗೂ ನಡುವೆ ಇರಿಸಿಕೊಂಡು ಚಿಕಿತ್ಸಾಕೇಂದ್ರಕ್ಕೆ ಕರೆದೊಯ್ದರು. ಜನರಿಗೆ ತಿಳಿವಳಿಕೆಯನ್ನೂ ಕೊಡಲಾಯಿತು. ಕಡಿತಕ್ಕೆ ಒಳಗಾದವರಲ್ಲಿ ನೂರಕ್ಕೆ ಹತ್ತೂವರೆಯಷ್ಟಿದ್ದ ಮರಣವು ನೂರಕ್ಕೆ ಅರ್ಧಕ್ಕೆ (0.5ಕ್ಕೆ) ಇಳಿಯಿತೆಂದು 2013ರ ವರದಿಯಲ್ಲಿದೆ. ಅಲ್ಲಿ ಹೊಸದಾಗಿ ಕೊಂಡ ದೊಡ್ಡ ವಾಹನಗಳೇನೂ ಇರಲಿಲ್ಲ.

ಆದುದರಿಂದ ಆಂಬ್ಯುಲೆನ್ಸಿನವರು ರೋಗಿ ಇಲ್ಲದ ದಿನವೂ ಗ್ರಾಮಕ್ಕೆ ಬರುವುದು ಅವಶ್ಯಕ. ಕಡಿದ ಅಂಗವನ್ನು ಅಲುಗದಂತೆ ದಬ್ಬೆ ಕಟ್ಟುವುದು, ಉಂಗುರ ಬಳೆಗಳನ್ನು ತೆಗೆಯುವುದು, ಹಾವನ್ನು ಹಿಡಿಯಲು ಹೋಗದಿರುವುದು, ಇವನ್ನು ಶಾಲೆಯಲ್ಲಿಯೂ ಸಂತೆಯಲ್ಲಿಯೂ ಮಾಡಿ ತೋರಿಸಬೇಕು. ವಾಹನವು ಪಾಠಕ್ಕೆ ನಿಂತಾಗ ಬೇರೆಡೆ ರೋಗಿಯು ಕಾದರೇನೆಂಬ ಆಕ್ಷೇಪಣೆ ನ್ಯಾಯವೇ ಸರಿ. ಕರೆ ಬಂದ ಕ್ಷಣ ಪಾಠವನ್ನು ಅರ್ಧಕ್ಕೆ ಬಿಟ್ಟು ಹೊರಟರಾಯಿತು. ಅದನ್ನು ಕಂಡ ಮಕ್ಕಳು ಇನ್ನೂ ಚೆನ್ನಾಗಿ ಕಲಿಯುವರು. ಓಡಿದ ಮೈಲಿಗಳನ್ನು ಮಾತ್ರ ಎಣಿಸಿ ಇಂಥ ಭೇಟಿಗಳನ್ನು ಎಣಿಸದ ಸೇವೆಯು ತನ್ನ ಕೆಲಸದ ಅರ್ಧವನ್ನೇ ಲೆಕ್ಕಕ್ಕೆ ತೆಗೆದುಕೊಂಡಂತಾಯಿತು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರವು ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡತಕ್ಕ ಕಾಯಿಲೆಯನ್ನಾಗಿ ಮಾಡಿದೆ. ಯಾವ ಹೋಬಳಿಗೆ ಮೊದಲು ಹೋಗಬೇಕೆಂಬುದು ಆ ವರದಿಗಳಿಂದಲೇ ತಿಳಿಯಬಹುದು.

ಗ್ರಾಮದ ಯಜಮಾನರ ಪಾಲೂ ಸಣ್ಣದಲ್ಲ. ಪಂಪುಸೆಟ್ಟಿಗೆ ರಾತ್ರಿ ವಿದ್ಯುತ್ತು ಬರುವೆಡೆಯಲ್ಲಿ ನೀರು ಕಟ್ಟಲು ಬರಿಗಾಲಿನ ಆಳನ್ನು ಕತ್ತಲೆಗೆ ಕಳುಹಿಸುವ ಹಿಡುವಳಿದಾರರು ಅವನಿಗೆ ಬ್ಯಾಟರಿ ದೀಪವನ್ನೂ ಮೆಟ್ಟನ್ನೂ ಒದಗಿಸತಕ್ಕದ್ದು. ಮಳೆಗೆ ಕೊರೆದುಹೋಗುವ ತೋಟದ ದಾರಿಯನ್ನು ರೋಹಿಣಿ ಮಳೆಗೆ ಮುಂಚೆಯೇ ಗಟ್ಟಿಮಾಡಿಸಬೇಕು. ಸರ್ವೆ ನಂಬರಿನಿಂದ ಚಾಲಕನಿಗೆ ಏನೂ ತಿಳಿಯದು. ಕೆರೆಯ ಏರಿ, ಗುಡಿ, ಆಲದ ಮರ, ಇವುಗಳಿಂದ ಎಷ್ಟು ದೂರ, ಯಾವ ಕಡೆಗೆ ಎಂದು ಹೇಳುವುದನ್ನು ಹೊರಊರಿನಿಂದ ಬಂದ ಕೂಲಿಯವರಿಗೂ ಕಲಿಸಿಡಬೇಕು. ಕರೆ ಮಾಡಿದೊಡನೆ ಒಬ್ಬನು ದೀಪ ಹಿಡಿದು ಹೆದ್ದಾರಿಯ ಕವಲಿನಲ್ಲಿ ನಿಲ್ಲಲಿ. ವಾಹನವು ಬಹಳ ತಡವಾಗುವುದೆಂದು ತಿಳಿದುಬಂದರೆ, ಊರಿನಲ್ಲಿರುವ ಕಾರಿನಲ್ಲಿಯೇ ರೋಗಿಯನ್ನು ಮಲಗಿಸಿಕೊಂಡು ಅದಕ್ಕೆ ಎದುರಾಗಿ ಹೊರಡಬೇಕು. ಆ ಕಾರು ಯಾರದು, ರಾತ್ರಿ ಅದನ್ನು ನಡೆಯಿಸುವವರಾರು ಎಂಬುದನ್ನು ಗ್ರಾಮ ಪಂಚಾಯತಿಯ ಸಭೆಯಲ್ಲಿ ಮುಂಚಿತವಾಗಿಯೇ ಗೊತ್ತುಮಾಡಿ, ಅವರ ಹೆಸರನ್ನು 108ರ ಪಕ್ಕದಲ್ಲಿ ಚಾವಡಿಯ ಗೋಡೆಗೆ ಬರೆಯಿಸತಕ್ಕದ್ದು.